ಕ್ಯಾಂಪಸ್ ಒಳಗಿನ ಹಾಸ್ಟೆಲಾ, ಹೊರಗಡೆ ರೂಮಾ? ನಾಲ್ಕು ದಿನದಲ್ಲಿ ಹೇಳಬೇಕು

ಪಾವಗಡ_ಸೀಮೆ
ಎಲ್ಲರಿಗೂ ನಮಸ್ಕಾರ. ತುಮಕೂರಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿಗೆ ಸೀಟು ಸಿಕ್ಕಿದೆ. ಹೆಣ್ಣುಮಕ್ಕಳ ಹಾಸ್ಟೆಲ್ ಪಟ್ಟಿಯಲ್ಲೂ ಹೆಸರು ಬಂದಿದೆ, ಕ್ಯಾಂಪಸ್ ಒಳಗೇ. ನಾಲ್ಕು ದಿನದೊಳಗೆ ದುಡ್ಡು ಕಟ್ಟಿ ರೂಮ್ ತಗೋಬೇಕು, ಇಲ್ಲಾಂದ್ರೆ ಪಟ್ಟಿಯಲ್ಲಿ ಮುಂದಿರೋರಿಗೆ ಹೋಗುತ್ತೆ.

ನಮ್ಮನೇಲಿ ಇದುವರೆಗೂ ಯಾರೂ ಹಾಸ್ಟೆಲಲ್ಲಿ ಇದ್ದೋರಲ್ಲ. ನಾನು ಡಿಗ್ರೀನೂ ಮನೆಯಿಂದ ಓಡಾಡಿಕೊಂಡೇ ಮುಗಿಸಿದೆ. ಅಪ್ಪ ಕಡ್ಲೇಕಾಯಿ ಬೆಳೀತಾರೆ, ಓದಿನ ವಿಷಯಕ್ಕೆ ಯಾವತ್ತೂ ಬೇಡ ಅಂದಿಲ್ಲ. "ಎಲ್ಲಿರ್ತೀಯೋ ನೀನೇ ವಿಚಾರಿಸಿ ಹೇಳು" ಅಂದ್ರು. ಅಮ್ಮನಿಗೆ ನಾನು ಶೆಟ್ಟಿಹಳ್ಳಿ ಕಡೆ ಇರೋ ದೊಡ್ಡಮ್ಮನ ಮಗಳ ಮನೇಲಿ ಇರಲಿ ಅಂತ ಆಸೆ. ಅಕ್ಕನ ಮನೆಯೇ ಆದ್ರೂ ಎರಡು ವರ್ಷ ಇನ್ನೊಬ್ಬರ ಮನೇಲಿ ಇರೋದು ನನಗೆ ಸರಿ ಕಾಣ್ತಿಲ್ಲ. ಜೊತೆಗೆ ಓದಿದ ಇಬ್ಬರು "ಹೊರಗಡೆ ರೂಮ್ ಮಾಡೋಣ, ಬಾಡಿಗೆ ಹಂಚ್ಕೊಳ್ಳೋಣ" ಅಂತಿದಾರೆ.

ಭಯ ಏನು ಅಂದ್ರೆ: ಒಂದು ರೂಮಿಗೆ ನಾಲ್ಕು ಜನ ಅಂತೆ. ಸಂಜೆ ಏಳೂವರೆಗೆ ಗೇಟ್ ಹಾಕ್ತಾರಂತೆ. ಊಟ ಹೇಗಿರುತ್ತೋ ಗೊತ್ತಿಲ್ಲ. ಇನ್ನೊಂದು, ನಮ್ಮ ಮಾತಲ್ಲಿ ತೆಲುಗು ಸೇರ್ಕೊಂಡಿರುತ್ತೆ. ಅದನ್ನ ಹಿಡ್ಕೊಂಡು ಆಡ್ಕೋತಾರೆ ಅಂತ ನಮ್ಮೂರಿನ ಒಬ್ಬಳು ಹೇಳಿದ್ಲು. ಹಾಸ್ಟೆಲಲ್ಲಿ ಇದ್ದೋರು ಇದ್ದದ್ದು ಇದ್ದಂಗೆ ಹೇಳಿ.

ಗುಬ್ಬಿ_ಗೇಟ್
ಸೇರ್ಕೊ ತಂಗಿ. ಪಟ್ಟಿಯಲ್ಲಿ ಹೆಸರು ಬರ್ಲಿಲ್ಲ ಅಂತ ಅಳೋರನ್ನ ಪ್ರತಿ ವರ್ಷ ನೋಡ್ತೀನಿ.

ಶಿರಾ_ಬಸ್
ಮೂರನೇ ದಾರಿ ಒಂದಿದೆ ಅಂತ ಯಾರಾದ್ರೂ ಹೇಳೋ ಮುಂಚೆ ನಾನೇ ಹೇಳಿಬಿಡ್ತೀನಿ: ದಿನಾ ಓಡಾಡೋದು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತಲ್ಲ, ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಹಾಸ್ಟೆಲ್ ದುಡ್ಡು ಯಾಕೆ ದಂಡ ಅಂತ ಮೊದಲ ವರ್ಷ ಶಿರಾದಿಂದ ಓಡಾಡಿದೆ.

ದುಡ್ಡು ಉಳೀತು. ಆದ್ರೆ ಬೆಳಗ್ಗೆ ಏಳಕ್ಕೆ ಮನೆ ಬಿಟ್ರೆ ಸಂಜೆ ಏಳಕ್ಕೆ ಮನೆ. ಹೈವೇಲಿ ಎಷ್ಟೋ ದಿನ ಪೂರ್ತಿ ದಾರಿ ನಿಂತೇ ಬಂದಿದೀನಿ. ಮನೆಗೆ ಬಂದು ಪುಸ್ತಕ ಹಿಡಿದ್ರೆ ಅರ್ಧ ಗಂಟೆಗೆ ತೂಕಡಿಕೆ. ಮೊದಲ ಸೆಮಿಸ್ಟರಲ್ಲಿ ಒಂದು ಪೇಪರ್ ಉಳ್ಕೊಂಡಿತು, ನನ್ನ ಜೀವನದಲ್ಲಿ ಅದೇ ಮೊದಲು. ಎರಡನೇ ವರ್ಷ ಹಾಸ್ಟೆಲ್ ಸೇರಿದೆ. ದಿನಕ್ಕೆ ಮೂರು ಗಂಟೆ ಕೈಗೆ ಸಿಕ್ತು ಅಂತ ಆವಾಗ ಅರ್ಥ ಆಯ್ತು.

ಪಾವಗಡದಿಂದಂತೂ ದಿನಾ ಓಡಾಟ ಆಗೋ ಮಾತಲ್ಲ. ಒಂದು ಕಡೆಗೇ ಮೂರು ಗಂಟೆ ಹತ್ರ ಬೇಕು. ಖಾಸಗಿ ಬಸ್ ಹತ್ತಿದ್ರೆ ಟಿಕೆಟ್ಟೂ ಉಂಟು.

ಚೇಳೂರು_ಹಲಸು
ತುಮಕೂರು–ರಾಯದುರ್ಗ ರೈಲು ಆಗ್ಲಿ, ಆಮೇಲೆ ಮಧುಗಿರಿ, ಪಾವಗಡದವರೂ ಆರಾಮಾಗಿ ಬರಬಹುದು.

ಗುಬ್ಬಿ_ಗೇಟ್
ಅವಳಿಗೆ ನಾಲ್ಕು ದಿನ ಟೈಮ್ ಇರೋದು ಅಣ್ಣ. ರೈಲಿನ ಮಾತು ಬೇರೆ ಕಡೆ ಆಡೋಣ.

ಮೆಸ್_ಕಾರ್ಯದರ್ಶಿ
ಊಟದ ಬಗ್ಗೆ ಕೇಳಿದೀರ. ನಾನು ಒಂದು ವರ್ಷ ಮೆಸ್ ಲೆಕ್ಕ ನೋಡ್ಕೊಂಡಿದ್ದೆ (ಗಂಡುಮಕ್ಕಳ ಹಾಸ್ಟೆಲ್). ಹೊಸಬರು ಮೊದಲು ತಿಳ್ಕೋಬೇಕಾದ್ದು ಮೆನು ಅಲ್ಲ, ಬಿಲ್ಲು.

ಬಹಳ ಕ್ಯಾಂಪಸ್‌ಗಳಲ್ಲಿ ಡಿವೈಡಿಂಗ್ ಪದ್ಧತಿ ಇರುತ್ತೆ. ಅಂದ್ರೆ ತಿಂಗಳಿಗೆ ಇಷ್ಟು ಅಂತ ನಿಗದಿ ಇಲ್ಲ. ಆ ತಿಂಗಳು ಅಕ್ಕಿ, ರಾಗಿ, ತರಕಾರಿ, ಹಾಲು, ಗ್ಯಾಸು, ಅಡುಗೆಯವರ ಕೂಲಿ ಎಲ್ಲ ಕೂಡಿಸಿ, ಎಲ್ಲರ ಊಟದ ದಿನಗಳ ಮೊತ್ತದಿಂದ ಭಾಗಿಸ್ತಾರೆ. ಉದಾಹರಣೆಗೆ ಖರ್ಚು ₹2,70,000 ಆಯ್ತು, ಎಲ್ಲರ ಊಟದ ದಿನ ಸೇರಿ 3,000 ಅಂತ ಇಟ್ಕೊಳ್ಳಿ. ದಿನಕ್ಕೆ ₹90 ಬಿತ್ತು. ನೀವು 25 ದಿನ ಉಂಡಿದ್ರೆ ₹2,250, 18 ದಿನ ಉಂಡಿದ್ರೆ ₹1,620. (ಇದು ಲೆಕ್ಕ ತೋರ್ಸೋಕೆ ಹಾಕಿದ ಸಂಖ್ಯೆ, ನಿಮ್ಮ ಹಾಸ್ಟೆಲ್ ರೇಟು ಅಲ್ಲ.)

ಇಲ್ಲೇ ಹುಡುಗ್ರು ಕಳ್ಕೊಳ್ಳೋದು. ಊರಿಗೆ ಹೋಗ್ವಾಗ ರಿಜಿಸ್ಟರಲ್ಲಿ "ಮೆಸ್ ಕಟ್" ಬರೆಯದೆ ಬ್ಯಾಗ್ ಹಿಡ್ಕೊಂಡು ಹೊರಟುಬಿಡ್ತಾರೆ. ಹತ್ತು ದಿನ ಊರಲ್ಲಿ ಅಮ್ಮನ ಕೈ ಊಟ, ಇಲ್ಲಿ ಹತ್ತು ದಿನದ ಬಿಲ್ಲು. ಸಾಮಾನ್ಯವಾಗಿ ಹಿಂದಿನ ದಿನವೇ ಬರೀಬೇಕು, ಮತ್ತೆ ಸತತವಾಗಿ ಇಷ್ಟು ದಿನ ಊಟ ಬಿಟ್ಟಿರ್ಲೇಬೇಕು ಅಂತ ಒಂದು ನಿಯಮ ಇರುತ್ತೆ. ನಿಮ್ಮಲ್ಲಿ ಎಷ್ಟು ದಿನ ಅಂತ ಸೇರೋ ದಿನವೇ ಕೇಳಿ.

ಇನ್ನೊಂದು ಸಂಗತಿ ಯಾರೂ ಹೇಳಲ್ಲ. ದಸರಾ ತಿಂಗಳು ಎಲ್ಲರೂ ಕಟ್ ಹಾಕಿ ಊರಿಗೆ ಹೋದಾಗ ದಿನದ ರೇಟು ಏರುತ್ತೆ, ಯಾಕಂದ್ರೆ ಅಡುಗೆಯವರ ಕೂಲಿ ಕಮ್ಮಿ ಆಗಲ್ಲ, ಹಂಚ್ಕೊಳ್ಳೋರು ಕಮ್ಮಿ ಆಗ್ತಾರೆ. ಆವಾಗ "ಕಾರ್ಯದರ್ಶಿ ತಿಂದ" ಅಂತ ಗಲಾಟೆ. ನನ್ನ ಮೇಲೂ ಆಗಿತ್ತು. ಒಂದೊಂದು ಚೀಟಿಯನ್ನೂ ನೋಟಿಸ್ ಬೋರ್ಡಿಗೆ ಅಂಟಿಸಿದ ಮೇಲೆ ನಿಂತಿತು.

ತಿಪಟೂರು_ತೆಂಗು
ಬಿಲ್ಲು ಸರಿ, ರುಚಿ? ನಾನು ಆರು ತಿಂಗಳಿದ್ದು ಬಿಟ್ಟು ಬಂದೆ. ವಾರಕ್ಕೆ ಮೂರು ದಿನ ಚಿತ್ರಾನ್ನ, ಅದೂ ರಾತ್ರಿ ಅನ್ನದ್ದು. ಸಾರು ನೀರು ನೀರು. ಈಗ ಮೂರು ಜನ ರೂಮ್ ಮಾಡ್ಕೊಂಡಿದೀವಿ, ಒಂದು ಕುಕ್ಕರು, ಒಂದು ಒಲೆ. ಒಬ್ಬ ಅನ್ನ, ಒಬ್ಬ ಸಾರು, ಒಬ್ಬ ಪಾತ್ರೆ. ಮನೆಯಿಂದ ಕಾಯಿ ಬರುತ್ತೆ. ರಾತ್ರಿ ಎಷ್ಟೊತ್ತಿಗಾದ್ರೂ ಬರಬಹುದು, ಯಾರ ಹತ್ರಾನೂ ಸಹಿ ಹಾಕಿಸ್ಕೊಳ್ಳೋದಿಲ್ಲ.

ಮೆಸ್_ಕಾರ್ಯದರ್ಶಿ
ಪರೀಕ್ಷೆ ಟೈಮಲ್ಲೂ ಅಡುಗೆ ಆಗುತ್ತಾ ಬ್ರದರ್?

ತಿಪಟೂರು_ತೆಂಗು
ನಿಜ ಹೇಳಬೇಕಂದ್ರೆ ಪರೀಕ್ಷೆ ಟೈಮಲ್ಲಿ ಹೋಟ್ಲು. ಆದ್ರೂ ನೆಮ್ಮದಿ ಇದೆ ಅಂತೀನಿ.

ಲ್ಯಾಬ್_ಕೋಟು
ತಿಪಟೂರು ಅವ್ರೇ, "ಎಷ್ಟೊತ್ತಿಗಾದ್ರೂ ಬರಬಹುದು" ಅನ್ನೋದು ನೀವು ಹುಡುಗ ಆದ್ರಿಂದ ಬಂದ ಮಾತು. ಹೊರಗಡೆ ರೂಮ್ ಮಾಡಿದ ಹುಡುಗೀರಿಗೆ ಮನೆ ಓನರ್ರೇ ವಾರ್ಡನ್, ಪಕ್ಕದ ಮನೆಯೋರು ಉಪವಾರ್ಡನ್.

ಪಾವಗಡದ ತಂಗಿಗೆ: ನಾನೂ ಕೆಮಿಸ್ಟ್ರಿಯೇ. ಮೊದಲ ವರ್ಷ ಗೇಟ್ ಟೈಮ್ ಅಷ್ಟು ಕಷ್ಟ ಕೊಡಲ್ಲ. ಎರಡನೇ ವರ್ಷ ಪ್ರಾಜೆಕ್ಟ್ ಶುರುವಾದ ಮೇಲೆ ಕಷ್ಟ. ರಿಯಾಕ್ಷನ್ ಇಟ್ಟ ಮೇಲೆ ಅದು ನಮ್ಮ ಗೇಟ್ ಟೈಮ್ ಕೇಳಲ್ಲ. ನನ್ನ ಜೊತೆಯ ಹುಡುಗ್ರು ಒಂಬತ್ತರವರೆಗೂ ಲ್ಯಾಬಲ್ಲಿ ಇರ್ತಿದ್ರು, ನಾನು ಏಳಕ್ಕೆ ಫ್ಲಾಸ್ಕ್ ಅವರ ಕೈಗೆ ಕೊಟ್ಟು ಓಡ್ತಿದ್ದೆ. ಒಂದು ಸಲ ಹತ್ತು ನಿಮಿಷ ತಡ ಆಗಿದ್ದಕ್ಕೆ ಗೇಟಲ್ಲೇ ನಿಲ್ಲಿಸಿ ಅಪ್ಪನಿಗೆ ಫೋನ್ ಮಾಡಿಸಿದ್ರು. ಅಪ್ಪ ಹೊಲದಲ್ಲಿ ಇದ್ರು, ಮಗಳಿಗೆ ಏನಾಯ್ತೋ ಅಂತ ಆ ದಿನ ಅವರು ಹೆದರಿದ್ದು ನನಗೆ ಇನ್ನೂ ಮನಸ್ಸಲ್ಲಿದೆ.

ಕೋಲಾರದ_ತಾಯಿ
ನನ್ನ ಮಗಳು ಹಾಸ್ಟೆಲಲ್ಲಿ ಇದಾಳೆ. ಏಳೂವರೆಗೆ ಒಳಗಿದಾಳೆ ಅಂತ ಗೊತ್ತಾದ್ರೆ ನಾನು ನೆಮ್ಮದಿಯಾಗಿ ಊಟ ಮಾಡ್ತೀನಿ. ನಿಮಗೆಲ್ಲ ಅದು ಬಂಧನ ಅನ್ಸುತ್ತೆ. ಹೆತ್ತವರ ಕಡೆಯಿಂದಾನೂ ಒಂದು ಸಲ ನೋಡಿ.

ಲ್ಯಾಬ್_ಕೋಟು
ಅಮ್ಮ, ನಿಮ್ಮ ಆತಂಕ ನನಗೆ ಅರ್ಥ ಆಗುತ್ತೆ, ನಮ್ಮಮ್ಮಾನೂ ಹಾಗೇ. ಆದ್ರೆ ಒಂದೇ ಕ್ಯಾಂಪಸ್ಸಲ್ಲಿ ಗಂಡುಮಕ್ಕಳ ಹಾಸ್ಟೆಲ್‌ಗೆ ಹತ್ತು ಗಂಟೆ, ನಮಗೆ ಏಳೂವರೆ ಯಾಕೆ? ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2015ರಲ್ಲಿ ಲೈಂಗಿಕ ಕಿರುಕುಳ ತಡೆಯೋದಕ್ಕೆ ಮಾಡಿದ ನಿಯಮಾವಳಿಯಲ್ಲೇ ಇದೆ: ಸುರಕ್ಷತೆಯ ಕಾರಣ ಹೇಳಿ ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ಗಂಡುಮಕ್ಕಳಿಗಿಲ್ಲದ ತಾರತಮ್ಯದ ನಿಯಮ ಹೇರಬಾರದು ಅಂತ. ದಾರಿಯಲ್ಲಿ ದೀಪ ಇಲ್ಲ ಅಂದ್ರೆ ದೀಪ ಹಾಕ್ಸಬೇಕು, ನಮ್ಮನ್ನ ಬೇಗ ಒಳಗೆ ಹಾಕೋದಲ್ಲ.

ಕೋಲಾರದ_ತಾಯಿ
ಹೀಗೊಂದು ನಿಯಮ ಇರೋದು ನನಗೆ ಗೊತ್ತಿರಲಿಲ್ಲಮ್ಮ. ಆದ್ರೂ ಕಾಗದದಲ್ಲಿ ಇರೋದು ಬೇರೆ, ರಾತ್ರಿ ಎಂಟು ಗಂಟೆಗೆ ಆ ರಸ್ತೆ ಇರೋದು ಬೇರೆ. ದೀಪ ಹಾಕ್ಸೋವರೆಗೂ ಏನು ಮಾಡೋಣ?

ಲ್ಯಾಬ್_ಕೋಟು
ನಾವು ಮಾಡಿದ್ದು ಹೇಳ್ತೀನಿ. ಹನ್ನೊಂದು ಜನ ಸಹಿ ಹಾಕಿ, ವಿಭಾಗದ ಮುಖ್ಯಸ್ಥರಿಂದ ಶಿಫಾರಸು ಬರೆಸಿ ಕೊಟ್ವಿ. ಪ್ರಾಜೆಕ್ಟ್ ಇರೋರಿಗೆ ಒಂಬತ್ತರವರೆಗೆ ಪ್ರತ್ಯೇಕ ರಿಜಿಸ್ಟರ್ ಇಟ್ರು. ಲ್ಯಾಬಿಂದ ಹಾಸ್ಟೆಲ್‌ವರೆಗೆ ಸೆಕ್ಯೂರಿಟಿ ಅಣ್ಣ ಒಬ್ರು ಜೊತೆಗೆ ಬರ್ತಿದ್ರು. ಮೂರು ತಿಂಗಳು ಓಡಾಡಿದ ಮೇಲೆ ಸಿಕ್ಕಿದ್ದು. ಹಾಸ್ಟೆಲ್ ಒಳಗೇ ಇದ್ದಿದ್ರಿಂದ ಹನ್ನೊಂದು ಜನ ಒಂದೇ ರಾತ್ರೀಲಿ ಸೇರಿದ್ವಿ. ಬೇರೆ ಬೇರೆ ರೂಮಲ್ಲಿ ಚದುರಿದ್ರೆ ಆ ಅರ್ಜಿ ಬರೆಯೋದಕ್ಕೇ ಆಗ್ತಿರಲಿಲ್ಲ.

ಪಾವಗಡ_ಸೀಮೆ
ಅಕ್ಕ, ಇದನ್ನ ಬರೆದಿಟ್ಕೊಂಡೆ. ನಿಮ್ಮ ಹಾಸ್ಟೆಲಲ್ಲಿ ರಾತ್ರಿ ಓದೋಕೆ ಬೇರೆ ಜಾಗ ಇತ್ತಾ? ರೂಮಲ್ಲಿ ನಾಲ್ಕು ಜನ ಇದ್ರೆ ಒಬ್ರು ಮಲಗಬೇಕು ಅಂತಾರೆ, ಒಬ್ರು ಫೋನಲ್ಲಿ ಮಾತಾಡ್ತಾರೆ.

ಲ್ಯಾಬ್_ಕೋಟು
ರೀಡಿಂಗ್ ರೂಮ್ ಅಂತ ಒಂದಿತ್ತು, ಟ್ಯೂಬ್‌ಲೈಟ್ ಎರಡು ಕೆಟ್ಟಿತ್ತು, ನಾವೇ ದುಡ್ಡು ಹಾಕಿ ಹಾಕಿಸಿದ್ವಿ. ಲೆಕ್ಚರರ್ ಆಗೋಕೆ ಬರೆಯೋ ಕೆ-ಸೆಟ್ ಪರೀಕ್ಷೆಗೆ ನಾನು ಅಲ್ಲೇ ಓದಿದ್ದು. ರೂಮಲ್ಲಿ ಹನ್ನೊಂದಕ್ಕೆ ಲೈಟ್ ಆರಿಸೋದು ಅಂತ ಮೊದಲ ವಾರವೇ ನಾಲ್ವರೂ ಕೂತು ಮಾತಾಡ್ಕೊಳ್ಳಿ. ಜಗಳ ಆದ ಮೇಲೆ ಮಾತಾಡೋದು ಕಷ್ಟ.

ಅಮಾನಿಕೆರೆ_ದಂಡೆ
ಒಂದು ಉಪಾಯ ಇದೆ ನೋಡಿ. ಹಾಸ್ಟೆಲ್‌ಗೂ ಸೇರ್ಕೊಳ್ಳಿ, ವಿದ್ಯಾಸಿರಿಗೂ ಅರ್ಜಿ ಹಾಕಿ. ತಿಂಗಳು ತಿಂಗಳು ದುಡ್ಡು ಬರುತ್ತೆ.

ಮೆಸ್_ಕಾರ್ಯದರ್ಶಿ
ಅದು ತಪ್ಪು ಮಾಹಿತಿ, ದಯವಿಟ್ಟು ಆ ಹುಡುಗೀನ ದಾರಿ ತಪ್ಪಿಸಬೇಡಿ. ವಿದ್ಯಾಸಿರಿ ಊಟ-ವಸತಿ ಸಹಾಯ ಇರೋದೇ ಹಾಸ್ಟೆಲ್ ಸಿಗದೇ ಇರೋ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ. ಶುರುವಾದಾಗ ತಿಂಗಳಿಗೆ ₹1,500 ಹಾಗೆ 10 ತಿಂಗಳು, ವರ್ಷಕ್ಕೆ ₹15,000 ಇತ್ತು. ಹಾಸ್ಟೆಲಲ್ಲಿ ಇದ್ಕೊಂಡು ಅದನ್ನೂ ತಗೊಂಡ್ರೆ ಆಮೇಲೆ ತೊಂದರೆ.

ಜನ ಇನ್ನೊಂದನ್ನೂ ಕಲಸ್ಕೋತಾರೆ. ವಿಶ್ವವಿದ್ಯಾಲಯ ನಡೆಸೋ ಕ್ಯಾಂಪಸ್ ಹಾಸ್ಟೆಲ್ ಒಂದು. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ನಡೆಸೋ ಮೆಟ್ರಿಕ್ ನಂತರದ ಹಾಸ್ಟೆಲ್ ಇನ್ನೊಂದು. ಇಲಾಖೆಯದರಲ್ಲಿ ಊಟ-ವಸತಿ ಉಚಿತ, ಅರ್ಜಿ ಬೇರೆ, ಆದಾಯ ಮಿತಿ ಇದೆ. ಪಾವಗಡದವರೇ, ನಿಮಗೆ ಬಂದಿರೋದು ಯಾವುದರ ಪಟ್ಟಿ?

ಪಾವಗಡ_ಸೀಮೆ
ಕ್ಯಾಂಪಸ್‌ದು ಅಣ್ಣ. ಇಲಾಖೆಯದಕ್ಕೆ ಅರ್ಜಿ ಹಾಕೋದು ನನಗೆ ಗೊತ್ತೇ ಇರಲಿಲ್ಲ.

ಮೆಸ್_ಕಾರ್ಯದರ್ಶಿ
ಜಾತಿ, ಆದಾಯ ಪ್ರಮಾಣಪತ್ರ ರೆಡಿ ಇಟ್ಕೊಳ್ಳಿ. ಕೈಲಿರೋದನ್ನ ಬಿಡಬೇಡಿ. ಕ್ಯಾಂಪಸ್ ಸೇರಿ, ಆಮೇಲೆ ಇಲಾಖೆಯ ತಾಲ್ಲೂಕು ಕಚೇರೀಲಿ ವಿಚಾರಿಸಿ.

ಮಧುಗಿರಿ_ಕಲ್ಲು
ಎಲ್ಲರೂ ಊಟ, ಗೇಟು, ದುಡ್ಡು ಅಂತಿದೀರ. ನಾನು ಹಾಸ್ಟೆಲ್‌ಗೆ ಹೋಗಿದ್ದು ಈ ಮೂರರಿಂದಲೂ ಅಲ್ಲ.

2016ರಲ್ಲಿ ಎಂ.ಎ. ಸೇರಿದೆ. ಹಾಸ್ಟೆಲ್ ಪಟ್ಟಿ ತಡ ಆಯ್ತು, ಅಲ್ಲೀವರೆಗೆ ಅಂತ ಇಬ್ಬರು ಗೆಳೆಯರ ಜೊತೆ ರೂಮ್ ಹುಡುಕೋಕೆ ಹೊರಟೆ. ಮೊದಲನೇ ಮನೆ, ಮಹಡಿ ಮೇಲೆ ಒಂದೇ ರೂಮು, ಗಾಳಿ ಬೆಳಕು ಚೆನ್ನಾಗಿತ್ತು. ಮನೆಯ ಅಮ್ಮ ಒಳ್ಳೆಯವರೇ. ಬಿಸಿಲಲ್ಲಿ ಬಂದಿದೀರ ಅಂತ ಮಜ್ಜಿಗೆ ಕೊಟ್ರು. ಬಾಡಿಗೆ ಮಾತಾಯ್ತು, ಅಡ್ವಾನ್ಸ್ ಮಾತಾಯ್ತು, ಬೀಗದ ಕೈ ತೋರಿಸಿದ್ರು. ಆಮೇಲೆ ಕೇಳಿದ್ರು, "ನೀವು ಯಾವ ಜನ?" ಗೆಳೆಯರಿಬ್ಬರೂ ಹೇಳಿದ್ರು. ನಾನೂ ಹೇಳಿದೆ. ಅವರು ಕೈಲಿದ್ದ ಬೀಗದ ಕೈಯನ್ನ ಸೆರಗಿನ ತುದಿಗೆ ಕಟ್ಕೊಂಡು, "ಯಜಮಾನ್ರು ಬರ್ಲಿ, ಕೇಳಿ ಹೇಳ್ತೀನಿ" ಅಂದ್ರು. ಎರಡು ವಾರ ಆದ್ರೂ ಗೇಟಲ್ಲಿ ಬಾಡಿಗೆಗಿದೆ ಅನ್ನೋ ಬೋರ್ಡು ಹಾಗೇ ನೇತಾಡ್ತಿತ್ತು. ನಾನು ದಿನಾ ಅದೇ ರಸ್ತೇಲಿ ಹೋಗ್ತಿದ್ದೆ.

ಎರಡನೇ ಮನೆ, ಮೂರನೇ ಮನೆ ಹೀಗೇ. ನಾಲ್ಕನೇ ಮನೇಲಿ ನಾನು ಬಾಯಿ ಬಿಡೋ ಮುಂಚೆ ನನ್ನ ಗೆಳೆಯನೇ ಮುಂದೆ ಬಂದು "ಇವನೂ ನಮ್ಮೋನೇ" ಅಂದುಬಿಟ್ಟ. ಒಳ್ಳೇದಕ್ಕೇ ಅಂದ ಪಾಪ. ರೂಮ್ ಸಿಕ್ತು. ಆ ರೂಮಲ್ಲಿ ಇದ್ದ ಹದಿನೆಂಟು ದಿನವೂ ಯಾರಾದ್ರೂ ಮೆಟ್ಟಿಲು ಹತ್ತೋ ಸದ್ದಾದ್ರೆ ನನ್ನ ಎದೆ ಹೊಡ್ಕೋತಿತ್ತು. ನಮ್ಮಪ್ಪ ನೋಡೋಕೆ ಬರ್ತೀನಿ ಅಂದ್ರೆ ಬೇಡ ಅಂದೆ. ಆ ಬೇಡ ಅಂದ ಮಾತು ಈಗಲೂ ಸುಡುತ್ತೆ.

ಪಟ್ಟಿ ಬಂತು, ಹಾಸ್ಟೆಲ್ ಸೇರಿದೆ. ಅಲ್ಲಿ ಜಾತಿ ಇರಲಿಲ್ಲ ಅಂತ ನಾನು ಹೇಳಲ್ಲ. ರೂಮ್‌ಮೇಟ್ ಮೂರನೇ ದಿನವೇ "ನಿಮ್ಮ ಪೂರ್ತಿ ಹೆಸರೇನು" ಅಂತ ಕೇಳಿದ. ಆದ್ರೆ ಅವನು ಕೇಳಬಹುದಿತ್ತು ಅಷ್ಟೇ, ನನ್ನನ್ನ ಹೊರಗೆ ಹಾಕೋಕೆ ಅವನ ಕೈಲಿ ಆಗ್ತಿರಲಿಲ್ಲ. ನನ್ನ ಹೆಸರು ಪಟ್ಟಿಯಲ್ಲಿತ್ತು, ಮಂಚಕ್ಕೆ ನಂಬರ್ ಇತ್ತು, ರಸೀದಿ ಜೇಬಲ್ಲಿತ್ತು. ಒಂದೇ ಪಾತ್ರೆ ಮುದ್ದೆ, ಒಂದೇ ಸಾಲು. ಅಪ್ಪ ಬಂದು ಒಂದು ರಾತ್ರಿ ಪಕ್ಕದಲ್ಲೇ ಚಾಪೆ ಹಾಸ್ಕೊಂಡು ಮಲಗಿ ಹೋದ್ರು.

ತಿಪಟೂರು_ತೆಂಗು
ಇದನ್ನ ಓದಿ ಬೇಜಾರಾಯ್ತು ಅಣ್ಣ. ನಮಗೆ ರೂಮ್ ಒಂದೇ ದಿನಕ್ಕೆ ಸಿಕ್ತು. ಯಾಕೆ ಸಿಕ್ತು ಅಂತ ಇವತ್ತಿನವರೆಗೂ ಯೋಚಿಸಿರಲಿಲ್ಲ.

ಅಮಾನಿಕೆರೆ_ದಂಡೆ
ಅದು ಹಳೇ ಕಾಲ. ಈಗ ತುಮಕೂರು ಬದಲಾಗಿದೆ, ಯಾರೂ ಕೇಳಲ್ಲ.

ಮಧುಗಿರಿ_ಕಲ್ಲು
2016 ಹಳೇ ಕಾಲ ಅಲ್ಲ ಸ್ವಾಮಿ.

ಗುಬ್ಬಿ_ಗೇಟ್
ಕಳೆದ ವರ್ಷ ನನ್ನ ತಮ್ಮನಿಗೆ ರೂಮ್ ನೋಡೋಕೆ ಹೋದಾಗ ಬಾಗಿಲಲ್ಲೇ ಕೇಳಿದ್ರು. ನೇರ ಕೇಳದೇ ಇದ್ರೆ "ಮಾಂಸ ತಿಂತೀರಾ" ಅಂತ ಕೇಳ್ತಾರೆ. ಬದಲಾಗಿಲ್ಲ.

ಹಳೇ_ಟ್ರಂಕು
ವಯಸ್ಸಾದವನು ಒಂದೆರಡು ಮಾತು ಸೇರಿಸ್ತೀನಿ. ನಾನು ಹೈಸ್ಕೂಲು ಓದಿದ್ದು ಸಿದ್ಧಗಂಗಾ ಮಠದ ವಿದ್ಯಾರ್ಥಿನಿಲಯದಲ್ಲಿ, 1980ರ ದಶಕ. ಒಂದು ತಗಡಿನ ಟ್ರಂಕು, ಒಂದು ಚಾಪೆ, ಒಂದು ತಟ್ಟೆ, ಇಷ್ಟೇ ನಮ್ಮ ಆಸ್ತಿ. ಬೆಳಗಿನ ಜಾವ ಎಬ್ಬಿಸ್ತಿದ್ರು, ತಣ್ಣೀರು ಸ್ನಾನ, ಬಯಲಲ್ಲಿ ಸಾವಿರಾರು ಹುಡುಗರು ಸಾಲಾಗಿ ಕೂತು ಪ್ರಾರ್ಥನೆ. ಅಷ್ಟು ದೊಡ್ಡ ಧ್ವನಿ ಒಟ್ಟಿಗೆ ಎದ್ದಾಗ ಹಳ್ಳಿಯಿಂದ ಬಂದ ಹುಡುಗನಿಗೆ ಮನೆ ನೆನಪಾಗಿ ಅಳು ಬರ್ತಿತ್ತು, ಅದೇ ಧ್ವನಿಯೊಳಗೆ ಸೇರ್ಕೊಂಡು ಅಳು ನಿಲ್ತಿತ್ತು.

ಶಿವಕುಮಾರ ಸ್ವಾಮೀಜಿ 1907ರಲ್ಲಿ ಹುಟ್ಟಿ 2019ರ ಜನವರಿ 21ಕ್ಕೆ ಲಿಂಗೈಕ್ಯರಾದ್ರು. ಅನ್ನ, ಅಕ್ಷರ, ಆಶ್ರಯ ಅಂತ ತ್ರಿವಿಧ ದಾಸೋಹ. ಅಲ್ಲಿ ಉಂಡು ಓದಿದವರು ಪಾವಗಡ, ಶಿರಾ, ಕೊರಟಗೆರೆ, ಕುಣಿಗಲ್ಲು, ಎಲ್ಲ ಕಡೆಯೂ ಸಿಗ್ತಾರೆ, ಎಲ್ಲ ಜಾತಿಯವರೂ. ಊಟದ ಮನೆಯಲ್ಲಿ ಪಕ್ಕ ಕೂತವನನ್ನ ಯಾರೂ ಕೇಳಿಕೊಂಡು ಕೂರ್ತಿರಲಿಲ್ಲ, ಕೇಳೋಕೆ ಪುರುಸೊತ್ತೂ ಇರಲಿಲ್ಲ, ಮುದ್ದೆ ಬಿಸಿ ಆರಿಹೋಗ್ತಿತ್ತು.

ಆಮೇಲೆ ಎಂ.ಎ.ಗೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿಗೆ ಹೋದೆ. ಆಗ ತುಮಕೂರಿಗೆ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ, ಅದು ಆಗಿದ್ದು 2004ರಲ್ಲಿ. ಪಾವಗಡದ ಒಬ್ಬ ಹೆಣ್ಣುಮಗಳು ಬೆಂಗಳೂರಿಗೆ ಹೋಗದೆ ತನ್ನ ಜಿಲ್ಲೆಯಲ್ಲೇ ಎಂ.ಎಸ್ಸಿ. ಓದ್ತಾಳೆ ಅಂದ್ರೆ ನನಗೆ ಸಂತೋಷ. ಮಧುಗಿರಿಯವರ ಮಾತು ಓದಿದ ಮೇಲೆ ಮಾತ್ರ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ನನ್ನದೇ ಮನೆಯ ಮಹಡಿ ಮೇಲೆ ಒಂದು ರೂಮ್ ಬಾಡಿಗೆಗೆ ಕೊಡ್ತೀನಿ. ನಮ್ಮ ಮನೆಯವರು ಬಂದವರನ್ನ ಏನು ಕೇಳ್ತಾರೆ ಅಂತ ಇವತ್ತು ವಿಚಾರಿಸಿದೆ. ಇನ್ನು ಕೇಳೋದಿಲ್ಲ.

ಮಧುಗಿರಿ_ಕಲ್ಲು
ಇಷ್ಟು ಹೇಳಿದ್ದಕ್ಕೆ ನಮಸ್ಕಾರ ಸರ್.

ಚೇಳೂರು_ಹಲಸು
ಸರ್, ಮಠದಿಂದ ಕ್ಯಾತ್ಸಂದ್ರ ಹತ್ರಾನೇ ಅಲ್ವಾ, ಆಗ ತಟ್ಟೆ ಇಡ್ಲಿ ತಿನ್ನೋಕೆ ಬಿಡ್ತಿದ್ರಾ?

ಹಳೇ_ಟ್ರಂಕು
ಕೈಯಲ್ಲಿ ಕಾಸು ಎಲ್ಲಿತ್ತಪ್ಪ. ಅಪ್ಪ ನೋಡೋಕೆ ಬಂದಾಗ ವರ್ಷಕ್ಕೊಂದೆರಡು ಸಲ. ಬೆಣ್ಣೆ ಹಾಕಿ ಕೊಡ್ತಿದ್ರು.

ಶಿರಾ_ಬಸ್
ಬೆಣ್ಣೆ ಈಗಲೂ ಹಾಕ್ತಾರೆ. ಭಾನುವಾರ ಬೆಳಗ್ಗೆ ಹಾಸ್ಟೆಲಿಂದ ನಾವು ಆರು ಜನ ಹೋಗ್ತಿದ್ವಿ. ಪರೀಕ್ಷೆ ಮುಗಿದ ದಿನ ನಾಮದ ಚಿಲುಮೆ, ದೇವರಾಯನದುರ್ಗ.

ನಿರ್ವಾಹಕ
ಇಡ್ಲಿಯ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಪ್ರಶ್ನೆ ಕೇಳಿದವರಿಗೆ ಇನ್ನೆರಡು ದಿನ ಮಾತ್ರ ಇದೆ, ನೆನಪಿರಲಿ.

ವೈರಿಂಗ್_ಅಣ್ಣ
ಬಿಸಿನೀರಿನ ವಿಷಯ ಯಾರೂ ಎತ್ತಿಲ್ಲ. ನಾನು ಎಲೆಕ್ಟ್ರಿಷಿಯನ್, ಹಾಸ್ಟೆಲ್ ಕೆಲಸಕ್ಕೆ ಹೋಗ್ತಿರ್ತೀನಿ. ದಯವಿಟ್ಟು ಕಾಯಿಲ್ ತಗೊಂಡು ಹೋಗಬೇಡಮ್ಮ.

ಲೆಕ್ಕ ಹೇಳ್ತೀನಿ. 1500 ವ್ಯಾಟ್ ಕಾಯಿಲ್ 230 ವೋಲ್ಟಲ್ಲಿ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತೆ. ಹಾಸ್ಟೆಲ್ ರೂಮಲ್ಲಿ ಫೋನ್ ಚಾರ್ಜರ್‌ಗೆ ಅಂತ ಕೊಟ್ಟಿರೋ ಚಿಕ್ಕ ಸಾಕೆಟ್ 6 ಆಂಪಿಯರ್‌ದು. ಒಂದು ಕಾಯಿಲ್ ಹಾಕಿದ್ರೇ ಅದರ ಮಿತಿ ದಾಟ್ತು. ಒಂದು ಬಕೆಟ್, ಅಂದ್ರೆ 20 ಲೀಟರ್ ನೀರು ಸ್ನಾನಕ್ಕೆ ಕಾಯೋಕೆ 20–25 ನಿಮಿಷ ಬೇಕು. ಅಷ್ಟು ಹೊತ್ತು ಸಾಕೆಟ್ಟು ಕಾದು ಕಾದು ಒಳಗೆ ಪ್ಲಾಸ್ಟಿಕ್ ಕರಗಬಹುದು. ಒಂದೇ ಲೈನಲ್ಲಿ ಮೂರು ರೂಮಿನವರು ಒಟ್ಟಿಗೆ ಹಾಕಿದ್ರೆ ಇಪ್ಪತ್ತು ಆಂಪಿಯರ್ ಹತ್ರ, 16 ಆಂಪಿಯರ್‌ನ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಬೀಳಬಹುದು. ಬೀಳೋದು ಒಳ್ಳೇದೇ. ಹಳೇ ಕಟ್ಟಡದಲ್ಲಿ ಫ್ಯೂಸ್ ಹೋಯ್ತು ಅಂತ ಹುಡುಗ್ರು ದಪ್ಪ ತಂತಿ ಸುತ್ತಿರ್ತಾರೆ ನೋಡಿ, ಅದನ್ನ ಕಂಡ್ರೆ ನನಗೆ ಕೈ ನಡುಗುತ್ತೆ. ಗೋಡೆ ಒಳಗಿನ ವೈರು ಹತ್ಕೊಂಡ್ರೆ ಗೊತ್ತಾಗೋದೇ ತಡವಾಗಿ.

ಸೋಲಾರ್ ಇದ್ರೆ ಬೆಳಗ್ಗೆ ಬೇಗ ಎದ್ದೋರಿಗೆ ಬಿಸಿನೀರು. ನಲ್ಲಿ ತಿರುಗಿಸಿದ ತಕ್ಷಣ ತಣ್ಣೀರೇ ಬರೋದು, ಪೈಪಲ್ಲಿ ನಿಂತಿರೋ ನೀರು ಅದು. ಅದನ್ನ ಚೆಲ್ಲಬೇಡಿ, ಬಟ್ಟೆಗೆ ಹಿಡ್ಕೊಳ್ಳಿ. ಮೋಡ ಮುಚ್ಚಿದ ಆಷಾಢ, ಶ್ರಾವಣದಲ್ಲಿ ಅದನ್ನ ನಂಬಬೇಡಿ.

ಪಾವಗಡ_ಸೀಮೆ
ಅಣ್ಣ, ನಮ್ಮೂರಲ್ಲಿ ಸ್ನಾನಕ್ಕೆ ಸೌದೆ ಒಲೆ, ಹಂಡೆ. ಕಾಯಿಲ್ ತರಲ್ಲ. ಕುಡಿಯೋ ನೀರು ಹೇಗೆ? ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್, ನಮ್ಮಜ್ಜಿಗೆ ಅದರಿಂದಲೇ ಮಂಡಿ ಹೋಗಿದೆ.

ವೈರಿಂಗ್_ಅಣ್ಣ
ತುಮಕೂರು ಪಟ್ಟಣಕ್ಕೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು. ಆದ್ರೆ ಕ್ಯಾಂಪಸ್ ಒಳಗೆ ಸ್ನಾನ, ಬಟ್ಟೆಗೆ ಬೋರ್‌ವೆಲ್ಲೂ ಇರಬಹುದು. ಕುಡಿಯೋದಕ್ಕೆ ಫಿಲ್ಟರ್ ಎಲ್ಲಿದೆ, ಯಾವಾಗ ಸರ್ವೀಸ್ ಆಗಿದೆ ಅಂತ ಅದರ ಮೇಲಿನ ಚೀಟಿ ನೋಡು.

ರೊಪ್ಪ_ರಸ್ತೆ
ನಾನೂ ಪಾವಗಡ ಕಡೆಯೋನೇ ಅಕ್ಕ. ಮಾತಿನ ಬಗ್ಗೆ ಕೇಳಿದ್ರಲ್ಲ. ಮೊದಲ ತಿಂಗಳು ಆಡ್ಕೊಂಡ್ರು. "ಏನಪ್ಪ ಆಂಧ್ರ" ಅಂತ ಕರೀತಿದ್ರು. ಪಾವಗಡ ಕರ್ನಾಟಕದಲ್ಲೇ ಇದೆ, ಮೂರು ಕಡೆ ಆಂಧ್ರ ಸುತ್ಕೊಂಡಿದೆ ಅಷ್ಟೇ ಅಂತ ಗೋಡೆ ಮೇಲೆ ನಕ್ಷೆ ಅಂಟಿಸಿದೆ. ನನ್ನ ರೂಮಲ್ಲಿ ಗೌರಿಬಿದನೂರಿನವನೊಬ್ಬ ಇದ್ದ, ಅವನಿಗೂ ತೆಲುಗು ಬರ್ತಿತ್ತು. ಇಬ್ಬರೂ ಮಾತಾಡೋದು ಕೇಳಿ ಕೇಳಿ ಅರಸೀಕೆರೆಯವನು ವರ್ಷದ ಕೊನೆಗೆ ತೆಲುಗು ಕಲಿತ. ಆಡ್ಕೊಂಡಾಗ ನೋವಾಗುತ್ತೆ, ಸುಳ್ಳಲ್ಲ. ಆದ್ರೆ ಅದು ಮಿತಿ ಮೀರಿದ್ರೆ ಸುಮ್ಮನಿರಬೇಡಿ.

ಲ್ಯಾಬ್_ಕೋಟು
ಹೌದು. ಸೀನಿಯರ್ಸ್ ಕರೆದು ಹಾಡು ಹೇಳಿಸೋದು, ರೆಕಾರ್ಡ್ ಬರೆಸೋದು, ಭಾಷೆ ಹಿಡ್ಕೊಂಡು ಹೀಯಾಳಿಸೋದು, ಎಲ್ಲ ರ‍್ಯಾಗಿಂಗೇ. ಯುಜಿಸಿಯ 2009ರ ನಿಯಮದಲ್ಲಿ ಸೇರುತ್ತೆ. ಸಹಾಯವಾಣಿ 1800-180-5522, ಹಗಲು ರಾತ್ರಿ ಇರುತ್ತೆ. ಫೋನಲ್ಲಿ ಸೇವ್ ಮಾಡ್ಕೊ.

ಕೋಲಾರದ_ತಾಯಿ
ಮಗಳೇ, ಹೋಗೋ ಮುಂಚೆ ಅಪ್ಪನ್ನ ಕರ್ಕೊಂಡು ಹೋಗಿ ಒಂದು ಸಲ ಕಣ್ಣಾರೆ ನೋಡು. ಊಟದ ಹೊತ್ತಿಗೆ ಹೋಗು. ಬಾತ್‌ರೂಮಿನ ಚಿಲಕ ನೋಡು. ಅಡುಗೆ ಮನೆಯವರ ಜೊತೆ ಮಾತಾಡು.

ಪಾವಗಡ_ಸೀಮೆ
ಎಲ್ಲರಿಗೂ, ನಿನ್ನೆ ಹೋಗಿ ಬಂದ್ವಿ. ಕೋಲಾರದ ಅಮ್ಮ ಹೇಳಿದ ಹಾಗೆ ಊಟದ ಹೊತ್ತಿಗೇ ಹೋದ್ವಿ.

ಮುದ್ದೆ, ಹುರುಳಿಕಾಳು ಸಾರು ಇತ್ತು. ಅಡುಗೆ ಮಾಡೋ ಅಮ್ಮ "ಉಂಡೇ ಹೋಗಿ" ಅಂತ ಅಪ್ಪನಿಗೂ ಬಡಿಸಿದ್ರು. ಅಪ್ಪ ಅವರನ್ನ ಯಾವೂರು ಅಂತ ಕೇಳಿದ್ರು, ಮಿಡಿಗೇಶಿ ಹತ್ರ ಅಂದ್ರು. ಇಬ್ಬರೂ ಮಳೆ ಬಗ್ಗೆ ಅರ್ಧ ಗಂಟೆ ಮಾತಾಡಿದ್ರು. ಅಷ್ಟರಲ್ಲಿ ನಾನು ಮೇಲೆ ಹೋಗಿ ನೋಡಿದೆ. ರೂಮಿಗೆ ನಾಲ್ಕು ಮಂಚ, ಕಿಟಕಿ ದೊಡ್ಡದು. ಬಾತ್‌ರೂಮ್ ಒಂದರ ಚಿಲಕ ಸಡಿಲ ಇದೆ, ಹೇಳಿದೀನಿ, ಬರೆದುಕೊಂಡ್ರು. ಫಿಲ್ಟರ್ ಚೀಟಿಯಲ್ಲಿ ಎರಡು ತಿಂಗಳ ಹಿಂದಿನ ತಾರೀಕು ಇತ್ತು. ಮೆಸ್ ಕಟ್ ಸತತ ನಾಲ್ಕು ದಿನಕ್ಕೆ ಮೇಲಾದ್ರೆ ಮಾತ್ರ. ಗೇಟ್ ಏಳೂವರೆಯೇ. ಲ್ಯಾಬ್‌ಗೆ ತಡವಾದ್ರೆ ಏನು ಅಂತ ಕೇಳಿದೆ. "ಇಲ್ಲಿವರೆಗೆ ಯಾರೂ ಕೇಳಿಲ್ಲ" ಅಂದ್ರು. ಎರಡನೇ ವರ್ಷದ ಅಕ್ಕಂದಿರ ನಂಬರ್ ತಗೊಂಡು ಬಂದಿದೀನಿ.

ವಾಪಸ್ ಬರ್ತಾ ಬಸ್ಸಲ್ಲಿ ಮಧುಗಿರಿ ಅಣ್ಣ ಬರೆದಿದ್ದನ್ನ ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಕಿಟಕಿ ಕಡೆ ನೋಡ್ಕೊಂಡು ಕೊರಟಗೆರೆವರೆಗೂ ಮಾತಾಡಲಿಲ್ಲ. ಆಮೇಲೆ "ದುಡ್ಡು ನಾಳೆ ಕಟ್ಟು" ಅಂದ್ರು.

ಇವತ್ತು ಕಟ್ಟಿದೆ. ಮೊದಲನೇ ಮಹಡಿ, ಕಿಟಕಿ ಪಕ್ಕದ ಮಂಚ. ಸೋಮವಾರ ಹೋಗ್ತೀನಿ. ಏನೇನು ತಗೊಂಡು ಹೋಗಲಿ?

ಶಿರಾ_ಬಸ್
ಬೀಗ ಎರಡು, ಒಂದು ಬೀರುಗೆ, ಒಂದು ಪೆಟ್ಟಿಗೆಗೆ. ಕೀ ಒಂದು ಜೊತೆ ಬೇರೆ ಕಡೆ ಇಡು. ಬಟ್ಟೆ ಒಣಗಾಕೋ ಹಗ್ಗ, ಕ್ಲಿಪ್ಪು, ಸೊಳ್ಳೆ ಪರದೆ.

ವೈರಿಂಗ್_ಅಣ್ಣ
ಐಎಸ್ಐ ಗುರುತಿನ ಎಕ್ಸ್‌ಟೆನ್ಶನ್ ಬೋರ್ಡು ಒಂದು. ಚಾರ್ಜರ್‌ಗೆ, ಓದೋ ದೀಪಕ್ಕೆ ಮಾತ್ರ.

ಮೆಸ್_ಕಾರ್ಯದರ್ಶಿ
ನಿನ್ನದೇ ತಟ್ಟೆ ಲೋಟ. ಒಂದು ಚಿಕ್ಕ ನೋಟ್‌ಬುಕ್, ಉಂಡ ದಿನ ಗುರುತು ಹಾಕೋಕೆ. ಬಿಲ್ಲು ಬಂದಾಗ ತಾಳೆ ನೋಡು.

ರೊಪ್ಪ_ರಸ್ತೆ
ಮನೆಯಿಂದ ಶೇಂಗಾ ಚಟ್ನಿಪುಡಿ. ಎರಡು ಡಬ್ಬ. ಒಂದು ಡಬ್ಬ ಮೊದಲ ರಾತ್ರಿಯೇ ಖಾಲಿ ಆಗುತ್ತೆ.

ಮಧುಗಿರಿ_ಕಲ್ಲು
ಕಟ್ಟಿದ ದುಡ್ಡಿನ ರಸೀದಿ ಜೋಪಾನ. ಫೋಟೋನೂ ತೆಗೆದಿಡು ತಂಗಿ.

ಲ್ಯಾಬ್_ಕೋಟು
ಬಕೆಟ್ ಮೇಲೆ ಹೆಸರು ಬರೆಸ್ಕೊ, ಪೆನ್ನಲ್ಲಿ ಬೇಡ, ಪೇಂಟಲ್ಲಿ.

ಪಾವಗಡ_ಸೀಮೆ
ಬಕೆಟ್ ತಂದಾಯ್ತು, ನೀಲಿದು. ಅಪ್ಪ ಬೋರ್‌ವೆಲ್ ಮೋಟಾರಿಗೆ ಹೊಡೆದು ಉಳಿದಿದ್ದ ಕೆಂಪು ಪೇಂಟಲ್ಲಿ ಈಗ ಹೆಸರು ಬರೀತಿದಾರೆ. ಅಮ್ಮ ಶೇಂಗಾ ಹುರೀತಿದಾರೆ.